ಹೊರಗಿನ ಬೋರ್ಡು, ಒಳಗಿನ ಪಾಠ

ಬೀದರದಲ್ಲಿ ಕನ್ನಡ ಅಧ್ಯಾಪಕನಾಗಿರುವವನು ಒಂದು ಪ್ರಶ್ನೆಗೆ ಸದಾ ಸಿದ್ಧನಾಗಿರಬೇಕಾಗುತ್ತದೆ. ಮೌಲ್ಯಮಾಪನಕ್ಕೋ ವಿಚಾರಸಂಕಿರಣಕ್ಕೋ ದಕ್ಷಿಣದ ಊರುಗಳಿಗೆ ಹೋದಾಗ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಮಹನೀಯರು ನನ್ನ ಊರು ಯಾವುದೆಂದು ಕೇಳಿ ತಿಳಿದು, ತುಸು ಕನಿಕರದಿಂದ, "ಅಲ್ಲಿ ಕನ್ನಡ ಉಂಟೇನು?" ಎನ್ನುತ್ತಾರೆ. ಉಂಟು ಎನ್ನುತ್ತೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಉರ್ದು ಇರಬೇಕಲ್ಲ ಎನ್ನುತ್ತಾರೆ. ಅದೂ ಉಂಟು. ಮರಾಠಿ? ಉಂಟು. ತೆಲುಗು? ಜಹೀರಾಬಾದಿನ ದಾರಿ ಹಿಡಿದರೆ ಅದೂ ಉಂಟು. ಇಷ್ಟೆಲ್ಲ ಇದ್ದ ಮೇಲೆ ಕನ್ನಡಕ್ಕೆ ಜಾಗವೆಲ್ಲಿ ಎಂಬುದು ಅವರ ಚಿಂತೆ. ಒಂದು ಮನೆಯಲ್ಲಿ ಒಂದೇ ಒಲೆ ಇರತಕ್ಕದ್ದು ಎಂಬಂತೆ, ಒಂದು ಊರಿನಲ್ಲಿ ಒಂದೇ ಭಾಷೆ ಇರತಕ್ಕದ್ದು ಎಂದು ಅವರ ಭಾವನೆಯೆಂದು ತೋರುತ್ತದೆ.

ನಮ್ಮಲ್ಲಿ ಹಾಗಿಲ್ಲ. ಚೌಬಾರದ ಸುತ್ತಲಿನ ಯಾವ ಬಟ್ಟೆಯಂಗಡಿಗಾದರೂ ಹೋಗಿ ಒಂದು ಗಳಿಗೆ ಕುಳಿತಿರಿ. ಅಂಗಡಿಯಾತ ಒಬ್ಬ ಗಿರಾಕಿಯನ್ನು ದಖನಿಯಲ್ಲಿ ಕರೆದು, ಮತ್ತೊಬ್ಬರೊಡನೆ ಕನ್ನಡದಲ್ಲಿ ಚೌಕಾಶಿ ಮಾಡಿ, ಉದಗೀರದ ಕಡೆಯಿಂದ ಬಂದ ಬೀಗರೊಡನೆ ಮರಾಠಿಯಲ್ಲಿ ಕ್ಷೇಮ ವಿಚಾರಿಸುತ್ತಾನೆ. ಹೆಗಲ ಮೇಲಿನ ವಸ್ತ್ರವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಷ್ಟೇ ಸಲೀಸು ಅದು. ತಾನು ಬಹುಭಾಷಾ ಕೋವಿದ ಎಂಬ ಹೆಮ್ಮೆ ಅವನಿಗಿಲ್ಲ. ತನ್ನದು ಕಲಬೆರಕೆ ಎಂಬ ನಾಚಿಕೆಯೂ ಇಲ್ಲ. ಬಾಯಿಯ ಮಟ್ಟಿಗೆ ನಮ್ಮ ಸೀಮೆಯಲ್ಲಿ ಎಂದೂ ಜಗಳವಿರಲಿಲ್ಲ. ತೊಡಕು ಇದ್ದದ್ದು ಕಾಗದದ ಮೇಲೆ. ಯಾವ ಮಾತನ್ನು ಆಡಬಹುದು ಎಂಬುದನ್ನು ಯಾರೂ ಕೇಳಲಿಲ್ಲ. ಯಾವ ಮಾತನ್ನು ಬರೆಯಬಹುದು ಎಂಬುದನ್ನು ಮಾತ್ರ ಯಾವಾಗಲೂ ಬೇರೆ ಯಾರೋ ತೀರ್ಮಾನಿಸುತ್ತಿದ್ದರು.

ನನ್ನ ಮುತ್ಯಾ ಔರಾದ ತಾಲ್ಲೂಕಿನ ಹಳ್ಳಿಯವನು. ನಿಜಾಮರ ಕಾಲದ ಶಾಲೆಯಲ್ಲಿ ಕೆಲವು ಇಯತ್ತೆಗಳ ವರೆಗೆ ಓದಿದವನು. ಶಾಲೆ ಎಂದ ಮೇಲೆ ಉರ್ದು ಎಂದೇ ಅರ್ಥ. 1884ರಲ್ಲಿ ಹೈದರಾಬಾದು ಸಂಸ್ಥಾನ ಪಾರಸಿಯನ್ನು ಬಿಟ್ಟು ಉರ್ದುವನ್ನು ಆಡಳಿತ ಭಾಷೆಯಾಗಿ ಮಾಡಿಕೊಂಡಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿಯೇ ಉನ್ನತ ಶಿಕ್ಷಣ ಕೊಡತೊಡಗಿತು. ಇಂಗ್ಲಿಷಿನ ಹಂಗಿಲ್ಲದೆ ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಗಳನ್ನು ಕಲಿಸಿದ ಆ ಸಾಹಸವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಮಂಜ್ರಾ ನದಿಯ ದಂಡೆಯಲ್ಲಿ ಎಮ್ಮೆ ಮೇಯಿಸುವ ಹುಡುಗನಿಗೆ ಆ ದೇಶಭಾಷೆಯೂ ಇಂಗ್ಲಿಷಿನಷ್ಟೇ ದೂರ. ಮುತ್ಯಾ ಉರ್ದು ಅಕ್ಷರ ಕಲಿತ. ತಹಸೀಲಿಗೆ ಅರ್ಜಿ ಬರೆಯುವಷ್ಟು ಉರ್ದು ಭಾಷೆಯನ್ನೂ ಕಲಿತ. ಕನ್ನಡದ ವಚನಗಳು, ತತ್ವಪದಗಳು ಅವನಿಗೆ ನೂರಾರು ಬಾಯಿಗೆ ಬರುತ್ತಿದ್ದವು. ಕನ್ನಡದ ಒಂದು ಅಕ್ಷರ ಮಾತ್ರ ಬರುತ್ತಿರಲಿಲ್ಲ.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನನ್ನ ತಂದೆ ಆ ಹೊಸ ಕಾಲದ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಕಾಲೇಜಿಗೆಂದು ಕಲಬುರ್ಗಿಗೆ ಹೋದರು. ಅಲ್ಲಿಂದ ಮನೆಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದರು. ನೆರೆಮನೆಯ ಶಾಲೆಯ ಹುಡುಗಿಯೊಬ್ಬಳು ಅದನ್ನು ಮುತ್ಯಾನಿಗೆ ಓದಿ ಹೇಳುತ್ತಿದ್ದಳು. ಉತ್ತರವನ್ನು ಮಾತ್ರ ಮುತ್ಯಾ ತಾನೇ ಬರೆಯುತ್ತಿದ್ದ. ಭಾಷೆ ಕನ್ನಡ, ಅಕ್ಷರ ಉರ್ದು. ತಹಸೀಲಿಗೆ ಉರ್ದುವಿನಲ್ಲಿ ಬರೆಯಬಲ್ಲ ಮನುಷ್ಯ, ಮಗನಿಗೆ ಬರೆಯುವಾಗ ಮನೆಯ ಮಾತನ್ನೇ ಬರೆದ. ಲಿಪಿಯೊಂದನ್ನು ಮಾತ್ರ ಸರ್ಕಾರದಿಂದ ಕಡ ತಂದ. ನನ್ನ ತಂದೆಗೆ ಆ ಲಿಪಿ ಬರುತ್ತಿರಲಿಲ್ಲ. ಕಾಗದದ ಹಿಂದೆಯೇ ಮನಿಯಾರ್ಡರು ಬರುತ್ತಿತ್ತಾದ್ದರಿಂದ, ಉಳಿದದ್ದು ಕ್ಷೇಮಸಮಾಚಾರವಿರಬೇಕೆಂದು ಅವರು ಕಾಗದಗಳನ್ನು ಟ್ರಂಕಿನ ತಳದಲ್ಲಿ ಇಡುತ್ತ ಹೋದರು.

ಮುತ್ಯಾ ತೀರಿಕೊಂಡು ಬಹಳ ವರ್ಷಗಳಾದ ಮೇಲೆ ಆ ಕಾಗದಗಳು ನನ್ನ ಕೈಗೆ ಬಂದವು. ಉರ್ದು ವಿಭಾಗದ ಮಿತ್ರರೊಬ್ಬರ ಬಳಿಗೆ ಒಯ್ದೆ. ಅವರು ಬೇರೆ ಸೀಮೆಯವರು. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ಅವರು ಓದಿದರು, ಆದರೆ ಅವರಿಗೆ ಅರ್ಥವಾಗಲಿಲ್ಲ. ನಾನು ಕೇಳಿದೆ, ನನಗೆ ಓದಲು ಬರುತ್ತಿರಲಿಲ್ಲ. ಒಂದು ಪುಟದ ಕಾಗದಕ್ಕೆ ಇಬ್ಬರು ಎಂ.ಎ.ಗಳು ಬೇಕಾದರು! ಉರ್ದು ಲಿಪಿಯಲ್ಲಿ ನಮ್ಮ ಳಕಾರವಿಲ್ಲ, ಣಕಾರವಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಹೀಗಾಗಿ ಅವರ ಬಾಯಲ್ಲಿ ಮಳೆ 'ಮಲಿ'ಯಾಯಿತು, ಜೋಳ 'ಜ್ವಾಲ'ವಾಯಿತು. ಒಂದು ಕಡೆ ಅವರು "ಅತ್ತು ಮಾರೀನಿ" ಎಂದು ಓದಿದರು. ನಾನು ಸುಮ್ಮನೆ ನೋಡಿದೆ. "ಇತ್ತು ಇರಬಹುದೆ?" ಎಂದರು ಅವರು. ಆಗ ನನಗೆ ಹೊಳೆಯಿತು. ಅದು ಎತ್ತು. ಎತ್ತು ಮಾರಿದ್ದೇನೆ, ಫೀಸಿನ ಚಿಂತೆ ಬಿಡು ಎಂದು ಮುತ್ಯಾ ಬರೆದಿದ್ದ. ಅತ್ತು, ಇತ್ತು, ಎತ್ತು, ಮೂರಕ್ಕೂ ಆ ಲಿಪಿಯಲ್ಲಿ ಒಂದೇ ರೂಪ. ಮೊದಲನೆಯ ಓದೂ ಪೂರ್ತಿ ಸುಳ್ಳಿರಲಿಕ್ಕಿಲ್ಲ.

ತಂದೆಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾವು ಕಡದು ಎತ್ತು ಸತ್ತದ ಅಂತ ಹೇಳಿದ್ದ ನನಗ" ಎಂದರು. ರಜೆಯಲ್ಲಿ ಊರಿಗೆ ಬಂದ ಮಗನಿಗೆ ಕಾಗದ ತಿಳಿದಿಲ್ಲವೆಂಬುದು ಮುತ್ಯಾನಿಗೆ ಗೊತ್ತಾಗಿರಬೇಕು. ಅದೇ ಲೇಸಾಯಿತೆಂದು ಬೇರೆ ಕಥೆ ಹೇಳಿರಬೇಕು. ತಂದೆ ಮಗ ಇಬ್ಬರೂ ಅಕ್ಷರಸ್ಥರು, ಇಬ್ಬರ ಮಾತೂ ಒಂದೇ. ಆದರೂ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಮುಟ್ಟಲಿಲ್ಲ. ಭಾಷೆಯ ಪ್ರಶ್ನೆ ಎಂದರೆ ಸಭೆ, ಭಾಷಣ, ಠರಾವುಗಳ ವಿಷಯವೆಂದು ತಿಳಿಯುವವರಿಗೆ ನಾನು ಈ ಎತ್ತಿನ ಸಂಗತಿಯನ್ನು ಹೇಳುತ್ತೇನೆ.

ಇಂಥ ಪಾಡು ನಮ್ಮ ಗಡಿನಾಡಿನದು ಮಾತ್ರವಲ್ಲ. ಈಚೆಗೆ ಬೇಸಗೆಯ ರಜೆಯಲ್ಲಿ ಹೈಟಿ ಎಂಬ ದ್ವೀಪರಾಜ್ಯದ ಸಾಹಿತ್ಯ ಚರಿತ್ರೆಯನ್ನು ಓದುತ್ತಿದ್ದೆ. ಅಮೆರಿಕ ಖಂಡಗಳ ನಡುವಿನ ಕೆರಿಬಿಯನ್ ಸಮುದ್ರದಲ್ಲಿದೆ ಅದು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಫ್ರೆಂಚ್ ಧಣಿಗಳ ವಿರುದ್ಧ ಬಂಡೆದ್ದು, ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಆದರೆ ಆ ಸ್ವಾತಂತ್ರ್ಯದ ಘೋಷಣೆಯನ್ನು ಬರೆದದ್ದು ಸೋತುಹೋದ ಧಣಿಯ ಭಾಷೆಯಲ್ಲಿ, ಫ್ರೆಂಚಿನಲ್ಲಿ! ಜನರೆಲ್ಲ ಆಡುತ್ತಿದ್ದದ್ದು ಕ್ರಿಯೋಲ್. ಹೊಲಗಳಲ್ಲಿ, ಗುಡಿಸಲುಗಳಲ್ಲಿ ಫ್ರೆಂಚ್ ಮಾತುಗಳೂ ಆಫ್ರಿಕದ ನುಡಿಗಟ್ಟುಗಳೂ ಬೆರೆತು ಹುಟ್ಟಿದ ಭಾಷೆ ಅದು. ಕಚೇರಿ, ಶಾಲೆ, ಕಾವ್ಯ ಮೂರೂ ಫ್ರೆಂಚಿನಲ್ಲಿ, ಬದುಕು ಕ್ರಿಯೋಲಿನಲ್ಲಿ. ಹೀಗೆ ನೂರಾರು ವರ್ಷ ನಡೆಯಿತು.

ಮನೆಯ ಮಾತು ಕಾಗದಕ್ಕೆ ಇಳಿದ ಬಗೆ ಸ್ವಾರಸ್ಯವಾಗಿದೆ. 1883ರಲ್ಲಿ ಒಸ್ವಾಲ್ಡ್ ದ್ಯುರಾಂ ಎಂಬ ಕವಿ 'ಷುಕೂನ್' ಎಂಬ ಚೆಲುವೆಯ ಮೇಲೆ ಕ್ರಿಯೋಲಿನಲ್ಲಿ ಒಂದು ಕವಿತೆ ಬರೆದ. ಕವಿ ಮೆಚ್ಚಿದ ಆ ಹೆಣ್ಣನ್ನು ಬಿಳಿಯನೊಬ್ಬ ಬಂದು ಒಲಿಸಿಕೊಳ್ಳುತ್ತಾನೆ. ಅವನ ಬಂಡವಾಳಗಳಲ್ಲಿ ಮುಖ್ಯವಾದದ್ದು, ಅವನು ಫ್ರೆಂಚ್ ಮಾತಾಡುತ್ತಾನೆ ಎಂಬುದು! 1901ರಲ್ಲಿ ಜಾರ್ಜ್ ಸಿಲ್ವೇನ್ ಎಂಬವರು ಫ್ರೆಂಚರ ಪ್ರಸಿದ್ಧ ನೀತಿಕಥೆಗಳನ್ನು ಕ್ರಿಯೋಲಿಗೆ ತಂದರು. 1915ರಿಂದ 1934ರ ವರೆಗೆ ಆ ನಾಡನ್ನು ಅಮೆರಿಕದ ಸೈನ್ಯ ಆಕ್ರಮಿಸಿಕೊಂಡಿತ್ತು. ಆ ಅವಮಾನದ ದಿನಗಳಲ್ಲಿ, 1928ರಲ್ಲಿ, ಜಾಂ ಪ್ರೈಸ್-ಮಾರ್ಸ್ ಎಂಬ ವಿದ್ವಾಂಸರು ತಮ್ಮ ಜನರ ಕಥೆ, ಗಾದೆ, ನಂಬಿಕೆಗಳ ಮೇಲೆ ಒಂದು ಗ್ರಂಥ ಬರೆದು, ನಾವು ಬಣ್ಣ ಬೇರೆಯಾದ ಫ್ರೆಂಚರಲ್ಲ, ನಮಗೆ ನಮ್ಮದೇ ಬೇರುಂಟು ಎಂದು ಸುಶಿಕ್ಷಿತರನ್ನು ಎಚ್ಚರಿಸಿದರು. ಅದೇ 1928ರಲ್ಲಿಯೇ ನಿಜಾಮರ ಆಳ್ವಿಕೆಯ ಕಲಬುರ್ಗಿಯಲ್ಲಿ ಬಿ.ಎಂ.ಶ್ರೀ.ಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತೆಂಬುದನ್ನು ನೆನೆದರೆ ನನಗೆ ಸೋಜಿಗವಾಗುತ್ತದೆ. ಮುಂದೆ 1953ರಲ್ಲಿ ಮೊರಿಸೋ-ಲೆರ್ವಾ ಎಂಬ ಕವಿ ಸಾಫೊಕ್ಲಿಸನ ಆಂಟಿಗೊನೆಯನ್ನು ಕ್ರಿಯೋಲ್ ಮಾತಾಡುವವಳನ್ನಾಗಿ ಮಾಡಿದ. ನಮ್ಮ ಶ್ರೀಯವರು ಅದೇ ಸಾಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದಂತೆಯೇ. ತನ್ನ ಮಾತಿಗೆ ಶಕ್ತಿ ಸಾಲದು ಎನ್ನುವವರಿಗೆ ಗ್ರೀಕರನ್ನು ತಂದು ತೋರಿಸುವುದು ಎಲ್ಲ ದೇಶಗಳಲ್ಲಿಯೂ ಒಂದು ಉಪಾಯವೆಂದು ಕಾಣುತ್ತದೆ. ಕ್ರಿಯೋಲಿನ ಮೊದಲ ಕಾದಂಬರಿ, ಫ್ರಾಂಕೆತಿಯೆನ್ನನ 'ದೆಝಾಫಿ', ಬಂದದ್ದು 1975ರಲ್ಲಿ. ಶಾಲೆಯಲ್ಲಿ ಕ್ರಿಯೋಲಿನಲ್ಲಿ ಕಲಿಸಬಹುದೆಂದು ಕಾನೂನಾದದ್ದು 1979ರಲ್ಲಿ. ಫ್ರೆಂಚಿನ ಜೊತೆಗೆ ಅದಕ್ಕೂ ರಾಜ್ಯಭಾಷೆಯ ಪಟ್ಟ ಸಿಕ್ಕಿದ್ದು 1987ರ ಸಂವಿಧಾನದಲ್ಲಿ. ಕ್ರಮವನ್ನು ಗಮನಿಸಬೇಕು. ಮೊದಲು ಕವಿತೆ, ನಾಟಕ, ಕಾದಂಬರಿ. ಸರ್ಕಾರ ಆಮೇಲೆ ಬಂತು.

ಇದನ್ನೆಲ್ಲ ಓದುತ್ತ ನನಗೆ ನಮ್ಮ ಸೀಮೆಯ ಚರಿತ್ರೆಯೇ ಬೇರೆ ವೇಷದಲ್ಲಿ ಕಂಡಿತು. ನಮ್ಮ ಜಿಲ್ಲೆಯ ಕಲ್ಯಾಣವನ್ನೇ ನೋಡಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಬಿಲ್ಹಣ ಕಾವ್ಯ ಬರೆದ, ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ, ಎರಡೂ ಸಂಸ್ಕೃತದಲ್ಲಿ. ಕೆಲವು ದಶಕಗಳು ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಬಸವಣ್ಣ, ಅಲ್ಲಮರ ಸುತ್ತ ನೆರೆದ ಮಡಿವಾಳರು, ಅಂಬಿಗರು, ದಾಸಿಯರು ತಮ್ಮ ಮನೆಯ ಕನ್ನಡದಲ್ಲಿ ದೇವರೊಡನೆ ಮಾತಾಡತೊಡಗಿದರು. ಕಲ್ಯಾಣದಲ್ಲಿ ಪಂಡಿತರಿಗೆ ಕೊರತೆಯಿರಲಿಲ್ಲ. ಆದರೆ ಸಾಮಾನ್ಯರ ನಾಲಗೆಯ ಮೇಲೆ ಇಂದಿಗೂ ಉಳಿದಿರುವುದು ಯಾವುದೆಂದು ಹೇಳಬೇಕಾಗಿಲ್ಲ.

ಬಹಮನಿ ಅರಸರು ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ ಮೇಲೆ ಪಾರಸಿ ಬಂತು. ಇರಾನಿನ ಗೀಲಾನಿನಿಂದ ಬಂದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸೆಯ ಮಿನಾರು ಇಂದಿಗೂ ನಮ್ಮ ಊರಿನ ಗುರುತು. ಅವನ ಪತ್ರಗಳು ಪಾರಸಿ ಗದ್ಯಕ್ಕೆ ಮಾದರಿಗಳೆನಿಸಿದ್ದವು. ಆ ಪಾರಸಿಯ ಪಕ್ಕದಲ್ಲಿಯೇ, ಸೈನಿಕರೂ ಸೂಫಿಗಳೂ ವ್ಯಾಪಾರಿಗಳೂ ಆಡುತ್ತಿದ್ದ ದಖನಿಯಲ್ಲಿ, 15ನೆಯ ಶತಮಾನದ ಪೂರ್ವಾರ್ಧದಲ್ಲಿ, ನಿಜಾಮಿ ಎಂಬ ಕವಿ 'ಕದಮ್ ರಾವ್ ಪದಮ್ ರಾವ್' ಎಂಬ ಕಥನಕಾವ್ಯ ಬರೆದ. ದಖನಿಯಲ್ಲಿ ನಮಗೆ ಸಿಕ್ಕಿರುವ ಮೊದಲ ದೊಡ್ಡ ಕಾವ್ಯವೆಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಕದಮರಾಯ ಅರಸ, ಪದಮರಾಯ ನಾಗ. ಪಾರಸಿ ಮಾತುಗಳು ಕಡಿಮೆ, ದೇಶೀ ಮಾತುಗಳೇ ಹೆಚ್ಚು. ಸಿಕ್ಕಿರುವ ಹಸ್ತಪ್ರತಿ ಒಂದೇ ಒಂದು, ಅದೂ ಅಪೂರ್ಣ. ಅದು ಅಚ್ಚಾದದ್ದು 1973ರಲ್ಲಿ, ದೂರದ ಕರಾಚಿಯಲ್ಲಿ. ಉತ್ತರದ ಉರ್ದು ಬಲ್ಲವರು ಇಂದು ದಖನಿಯನ್ನು ಕೇಳಿ ನಗುತ್ತಾರೆ. ಹಾಸ್ಯ ಕವಿಸಮ್ಮೇಳನಗಳಿಗಷ್ಟೇ ಅದು ಲಾಯಕ್ಕು ಎನ್ನುವವರಿದ್ದಾರೆ. ದೆಹಲಿಯ ಉರ್ದು ಕಾವ್ಯ ಕಣ್ಣುಬಿಡುವುದಕ್ಕೆ ಬಹಳ ಮೊದಲೇ ದಖನ್ನಿನಲ್ಲಿ ಕಾವ್ಯವಿತ್ತೆಂಬುದನ್ನು ಅವರು ಮರೆಯುತ್ತಾರೆ.

ನಿಜಾಮರ ಕಾಲಕ್ಕೆ ಬಂದರೆ ಭಾಲ್ಕಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ, ನೂರು ವರ್ಷ ದಾಟಿ ಬದುಕಿ, 1999ರಲ್ಲಿ ಲಿಂಗೈಕ್ಯರಾದರು. ಕನ್ನಡ ಶಾಲೆಗೆ ಅಧಿಕಾರಿಗಳ ಕೃಪೆಯಿಲ್ಲದ ದಿನಗಳಲ್ಲಿ ಅವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಮಕ್ಕಳೂ ಹೇಳುತ್ತಾರೆ. ಅವರು ಉರ್ದುವನ್ನು ದ್ವೇಷಿಸಲಿಲ್ಲ, ಬೋರ್ಡಿಗೆ ಕಲ್ಲು ಎಸೆಯಲೂ ಹೋಗಲಿಲ್ಲ. ಬೋರ್ಡು ಅಧಿಕಾರಿಯ ಸಮಾಧಾನಕ್ಕೆ, ಪಾಠ ಮಕ್ಕಳಿಗೆ. ಮಠದಲ್ಲಿ ಅನಾಥ ಶಿಶುಗಳನ್ನು ಸಾಕಿದ ಆ ಕೈಗಳೇ ಅನಾಥವಾಗಿದ್ದ ಒಂದು ಭಾಷೆಯನ್ನೂ ಸಾಕಿದವು.

ಗಡಿಯ ಆಚೆಯಿಂದಲೂ ಅಂಥವರು ಬಂದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿಯಲ್ಲಿ; ಸ್ವಂತ ಪರಿಶ್ರಮದಿಂದ ಕನ್ನಡ ಕಲಿತು 'ಸಿದ್ಧರಾಮ ಪುರಾಣ' ಬರೆದರು. 1974ರಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಅವರು. ಕಡೆಗೆ ನೆಲೆಸಿದ್ದು ನಮ್ಮ ಬಸವಕಲ್ಯಾಣದಲ್ಲಿ.

1956ರಲ್ಲಿ ಬೀದರ ಜಿಲ್ಲೆಯನ್ನು ಹೋಳಿಗೆಯಂತೆ ಮುರಿದರು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ. ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ. ಕನ್ನಡ ಕಚೇರಿಗೆ ಬಂತು. 1960ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ, 1985ರಲ್ಲಿ ಹಾ.ಮಾ. ನಾಯಕರ, 2006ರಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳೂ ಬೀದರಕ್ಕೆ ಬಂದವು. ಕನ್ನಡಕ್ಕೆ ಗಜಲಿನ ರುಚಿ ಹಚ್ಚಿದವರಲ್ಲಿ ಪ್ರಮುಖರಾದ ಶಾಂತರಸರಿಗೆ ಈ ಊರು ತಕ್ಕ ವೇದಿಕೆಯೇ ಸರಿ. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತಲ್ಲ ಎಂದು ಓದುಗರು ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಏಕೆಂದರೆ ನಾನು ದಿನವೂ ತರಗತಿಗೆ ಹೋಗುವವನು.

ಔರಾದ ಕಡೆಯ ಹುಡುಗನೊಬ್ಬ ತರಗತಿಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಕಾರಣ ಕೇಳಿದರೆ, "ನನ್ನ ಕನ್ನಡ ಬರಾಬರಿಲ್ರಿ ಸರ್" ಎಂದ. ಹಿಂದೆ ಓದಿದ ಯಾವುದೋ ಶಾಲೆಯಲ್ಲಿ ಅವನು "ಬರ್ಲತ್ತೀನ್ರಿ" ಎಂದಾಗ ಇಡೀ ತರಗತಿ ನಕ್ಕಿತ್ತಂತೆ. ಮನೆಯಲ್ಲಿ ಅವ್ವ, ಆಯಿ ಆಡುವ ಮಾತು ಅದು. ಆದರೆ ಪುಸ್ತಕದಲ್ಲಿರುವುದು "ಬರುತ್ತಿದ್ದೇನೆ". ಖರೆ, ಜರಾ, ಜಲ್ದಿ, ತಕ್ಲೀಫು ಎಂದರೆ ಉರ್ದು ಬೆರೆತಿದೆ ಎಂದು ಕೆಂಪು ಗೆರೆ ಬೀಳುತ್ತದೆ. ಗೆರೆ ಎಳೆದವರು ವಕೀಲ, ಜಿಲ್ಲೆ, ಜಮೀನು, ಅರ್ಜಿಗಳನ್ನು ಮಾತ್ರ ಕನ್ನಡವೆಂದೇ ತಿಳಿದಿರುತ್ತಾರೆ! ಅಂದರೆ ಆ ಹುಡುಗನ ಪಾಲಿಗೆ ಬೋರ್ಡು ಬದಲಾಯಿತೇ ಹೊರತು ಅವನು ನಿಂತಿರುವುದು ಹೊರಗೇ. ಮುತ್ಯಾನಿಗೆ ಉರ್ದು ಆಗಿದ್ದದ್ದು ಮೊಮ್ಮಗನ ಓರಗೆಯವರಿಗೆ ದಕ್ಷಿಣದ ಪುಸ್ತಕಗಳ ಕನ್ನಡವಾಗಿದೆ.

ಇದು ಹೊಸ ಮಾತೇನೂ ಅಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ನಮ್ಮ ಪಕ್ಕದ ಮಳಖೇಡದ ರಾಷ್ಟ್ರಕೂಟರ ಆಸ್ಥಾನದ ಗ್ರಂಥ. ಅದು ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡ ನಾಡೆಂದು ಹೇಳಿ ನಮ್ಮನ್ನು ಒಳಗೆ ಸೇರಿಸಿಕೊಂಡಿತು. ಆದರೆ ಕನ್ನಡದ ತಿರುಳಿರುವ ಊರುಗಳನ್ನು ಹೆಸರಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳಿಗೆ ನಿಲ್ಲಿಸಿತು. ಆ ಪಟ್ಟಿಯಲ್ಲಿ ಮಳಖೇಡವೇ ಇಲ್ಲದ ಮೇಲೆ ನಾವು ದೂರುವುದೇನು? ಅದೇ ಗ್ರಂಥ ಓದು ಬಾರದ ಸಾಮಾನ್ಯರೂ ಕಾವ್ಯಪ್ರಯೋಗದಲ್ಲಿ ಜಾಣರು ಎಂದು ಹೇಳಿದೆ. ನಾನು ತರಗತಿಯಲ್ಲಿ ಮೊದಲನೆಯದಕ್ಕಿಂತ ಎರಡನೆಯ ಮಾತನ್ನು ಹೆಚ್ಚು ಹೊತ್ತು ವಿವರಿಸುತ್ತೇನೆ.

ಹಾಗೆಂದು ಪುಸ್ತಕದ ಕನ್ನಡ ಬೇಡ ಎನ್ನುವವನು ನಾನಲ್ಲ. ಅದು ಬಾರದಿದ್ದರೆ ಹುಡುಗರು ಪರೀಕ್ಷೆಯನ್ನೂ ನೌಕರಿಯನ್ನೂ ಕಳೆದುಕೊಳ್ಳುತ್ತಾರೆ. ಮಾತ್ರವಲ್ಲ, ಪಂಪ ಕುಮಾರವ್ಯಾಸರನ್ನೂ ಕಳೆದುಕೊಳ್ಳುತ್ತಾರೆ. ಹೈಟಿಯಲ್ಲಿಯೂ ಫ್ರೆಂಚಿನ ಸಾಹಿತ್ಯ ನಿಂತುಹೋಗಲಿಲ್ಲ. ಫ್ರಾಂಕೆತಿಯೆನ್ ಎರಡರಲ್ಲಿಯೂ ಬರೆದ. ನನ್ನ ಪದ್ಧತಿ ಸರಳವಾದದ್ದು. ವರ್ಷಕ್ಕೆ ಒಮ್ಮೆ, ಮನೆಯ ಹಿರಿಯರು ಹೇಳಿದ ಸಂಗತಿಯೊಂದನ್ನು ಅವರು ಹೇಳಿದ ಮಾತಿನಲ್ಲಿಯೇ ಬರೆದು ತರಬೇಕೆಂದು ಹೇಳುತ್ತೇನೆ. ಕೆಂಪು ಗೆರೆ ಇಲ್ಲ. ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಬರೆಯಬೇಕು. ಎರಡನ್ನೂ ಓದಿಸುತ್ತೇನೆ. ಭಾಲ್ಕಿಯ ಮರಾಠಿ ಮನೆಯ ಹುಡುಗಿಯೊಬ್ಬಳು ಬೀಸುವ ಕಲ್ಲಿನ ಹಾಡಿನ ವಿಷಯ ಬರೆದಳು. ಹಳೆಯ ಬೀದರದ ದಖನಿ ಮನೆಯ ಹುಡುಗ, ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ ಅಹಮದ್ ಶಹಾನನ್ನು ಹಿಂದೂಗಳು ಅಲ್ಲಮಪ್ರಭುವೆಂದು ಪೂಜಿಸುವುದನ್ನು ತನ್ನ ಅಜ್ಜಿ ಹೇಗೆ ಹೇಳುತ್ತಾಳೆಂದು ಬರೆದ. ಬಾಯಿ ಬಿಡದಿದ್ದ ಔರಾದ ಹುಡುಗ ಬರಗಾಲದ ವರ್ಷ ಬಾವಿ ತೋಡಿದ್ದನ್ನು ನಾಲ್ಕು ಪುಟ ಬರೆದು, ಎದ್ದು ನಿಂತು ಓದಿದ. ಯಾರೂ ನಗಲಿಲ್ಲ. ಅದು ಸಾಹಿತ್ಯವಾಯಿತೆ ಎಂದು ಕೇಳಿದರೆ ಉತ್ತರ ಹೇಳುವ ಅವಸರ ನನಗಿಲ್ಲ. ಅವನ ಧ್ವನಿ ಹೇಗಿದೆಯೆಂದು ಅಂದು ಗೊತ್ತಾಯಿತು.

ಓದುಗರಲ್ಲಿ ಒಂದು ವಿಜ್ಞಾಪನೆ. ಬೀದರ, ಕಲಬುರ್ಗಿ, ರಾಯಚೂರಿನ ಕಡೆಯ ಅನೇಕ ಕುಟುಂಬಗಳು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿವೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ಮೋಡಿಯಲ್ಲಿಯೋ ಉರ್ದುವಿನಲ್ಲಿಯೋ ಬರೆದ ಹಳೆಯ ಕಾಗದಗಳಿದ್ದರೆ, ಓದಲು ಬಾರದೆಂದು ರದ್ದಿಯವನಿಗೆ ಹಾಕಬೇಡಿ. ಅಕ್ಷರ ಬಲ್ಲವರೊಬ್ಬರನ್ನು, ಮಾತು ಬಲ್ಲವರೊಬ್ಬರನ್ನು ಜೊತೆಯಲ್ಲಿ ಕೂಡಿಸಿ ಓದಿಸಿ. ಸಾಲದ ಲೆಕ್ಕವೇ ಇರಬಹುದು. ಔಷಧದ ಪಟ್ಟಿ ಇರಬಹುದು. ಯಾರೋ ಕಟ್ಟಿದ ಪದವಿರಬಹುದು. ಆ ಅಕ್ಷರಗಳನ್ನು ಶಾಲೆಯಲ್ಲಿ ಕಲಿತು, ಈ ಮಾತನ್ನು ಮನೆಯಲ್ಲಿ ಆಡಿದ ತಲೆಮಾರಿನವರು ಇನ್ನು ಹೆಚ್ಚು ಜನ ಉಳಿದಿಲ್ಲ. ಈ ಕೆಲಸ ಆಗುವುದಾದರೆ ಈಗಲೇ ಆಗಬೇಕು.